ಹನ್ನೆರಡು ಡಿಗ್ರಿಯ ಬೂಟು

ಜಯಸಿಂಹನಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಅವನ ಹೆಂಡತಿ ಜಯದೇವಿ ಹೇಳುತ್ತಿದ್ದುದು ಹಳೆಯ ಮಾತು. ಕಳೆದ ಫೆಬ್ರವರಿಯಿಂದೀಚೆಗೆ ಅದು ಮೂಗು ಬಿಟ್ಟು ಮೈತುಂಬ ಹರಡಿಕೊಂಡಿತ್ತು. ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯದಿದ್ದರೆ ಕೋಪ, ಇಳಿದರೆ ಕುಡಿಯಲು ಜೊತೆಗಾರರಿಲ್ಲವೆಂದು ಕೋಪ. ವ್ಯಾನ್ ಡೈಕ್ ರಸ್ತೆಯುದ್ದಕ್ಕೂ ಬಾಗಿಲು ಹಾಕಿದ ಅಂಗಡಿಗಳನ್ನು ನೋಡಿದರೆ ಇನ್ನೂ ಕೋಪ. ಐವತ್ತಾರು ವರ್ಷ, ಇನ್ನೂರ ಐವತ್ತು ಪೌಂಡು ತೂಕ. ಇಷ್ಟು ದೊಡ್ಡ ದೇಹದಲ್ಲಿ ಕೋಪಕ್ಕೆ ಜಾಗದ ಕೊರತೆ ಇರಲಿಲ್ಲ.

ಡೆಟ್ರಾಯಿಟ್ ಪಕ್ಕದ ಸ್ಟರ್ಲಿಂಗ್ ಹೈಟ್ಸ್‌ನ ಕಾರಿನ ಬಿಡಿಭಾಗಗಳ ಕಂಪನಿಯೊಂದರಲ್ಲಿ ಅವನು ಇಪ್ಪತ್ತೆರಡು ವರ್ಷ ಪ್ಲಾಸ್ಟಿಕ್ ಪರೀಕ್ಷೆ ಮಾಡಿದವನು. ಬಂಪರುಗಳನ್ನು ಕೊರೆಯುವ ಚಳಿಯ ಪೆಟ್ಟಿಗೆಯೊಳಗಿಟ್ಟು, ಬಗ್ಗಿಸಿ, ಬಡಿದು, ಎಲ್ಲಿ ಬಿರುಕು ಬಿಡುತ್ತದೆ ಎಂದು ನೋಡುವ ಕೆಲಸ. ಲ್ಯಾಬಿಗೆ ಬಂದ ಪ್ರತಿ ಹೊಸ ಹುಡುಗನಿಗೂ ಅವನು ಮೊದಲು ಹೇಳಿಕೊಡುತ್ತಿದ್ದದ್ದು ಒಂದೇ ಪಾಠ: ವಸ್ತು ಎಲ್ಲಿ ದುಡಿಯುತ್ತದೋ ಆ ಹವೆಯಲ್ಲೇ ಅದನ್ನು ಪರೀಕ್ಷಿಸು, ನೀನು ಬೆಚ್ಚಗೆ ಕೂತಿರುವ ಕೋಣೆಯಲ್ಲಲ್ಲ. ಹಾಗೆ ಕಲಿತವರಲ್ಲಿ ಮೈಸೂರಿನಿಂದ ಬಂದ ಶ್ಯಾಮನೂ ಒಬ್ಬ. ಜಯಸಿಂಹನೇ ಅವನನ್ನು ಕಂಪನಿಗೆ ಸೇರಿಸಿದ್ದ, ತನ್ನ ಮನೆಯ ಬೇಸ್‌ಮೆಂಟಿನಲ್ಲಿ ಮೂರು ತಿಂಗಳು ಇಟ್ಟುಕೊಂಡಿದ್ದ. ಮುಂದೆ ಶ್ಯಾಮನೇ ಲ್ಯಾಬಿನ ಮ್ಯಾನೇಜರ್ ಆದ. ಅದಕ್ಕೆ ಜಯಸಿಂಹ ಹೊಟ್ಟೆ ಉರಿಸಿಕೊಳ್ಳಲಿಲ್ಲ, ಎಲ್ಲರಿಗೂ ಪೇಡ ಹಂಚಿದ.

ಎರಡು ಸಾವಿರದ ಒಂಬತ್ತರ ಫೆಬ್ರವರಿಯಲ್ಲಿ ಕಂಪನಿ ಅರ್ಧ ಲ್ಯಾಬನ್ನು ಖಾಲಿ ಮಾಡಿಸಿತು. ಯಾರು ಹೋಗಬೇಕೆಂಬ ಪಟ್ಟಿ ಬರೆದವನು ಶ್ಯಾಮ. ಮೇಲಿನಿಂದ ಒತ್ತಡವಿತ್ತು, ಜಯಸಿಂಹನಿಗೆ ಅದೆಲ್ಲ ಗೊತ್ತು. ಆ ವರ್ಷ ಡೆಟ್ರಾಯಿಟ್ ಸುತ್ತ ಕೆಲಸ ಕಳೆದುಕೊಳ್ಳದವರೇ ಅಪರೂಪ. ಆದರೆ ಸುದ್ದಿ ಹೇಳುವ ಬೆಳಿಗ್ಗೆ ಕಾನ್ಫರೆನ್ಸ್ ರೂಮಿನಲ್ಲಿ ಕೂತಿದ್ದವಳು ಅವನು ಹಿಂದೆಂದೂ ನೋಡಿರದ, ಸಿಬ್ಬಂದಿ ವಿಭಾಗದ ಎಚ್ಚಾರ್ ಹೆಂಗಸು. ಅವನ ಹೆಸರನ್ನು ಮೂರು ರೀತಿ ತಪ್ಪಾಗಿ ಉಚ್ಚರಿಸಿ, ಸಾಮಾನು ತುಂಬಿಕೊಳ್ಳಲು ಒಂದು ರಟ್ಟಿನ ಡಬ್ಬ ಕೊಟ್ಟಳು. ಅವಳ ಪಕ್ಕದಲ್ಲಿ ಶ್ಯಾಮ ಕೂರಬೇಕಿದ್ದ ಕುರ್ಚಿ ಖಾಲಿ, ಅವನು ರಜೆ ಹಾಕಿದ್ದ, ಫ್ಲೂ ಅಂತೆ. ಆಮೇಲೆ ಫೋನಿಲ್ಲ, ಇಮೇಲಿಲ್ಲ. ಕೆಲಸ ಹೋದದ್ದನ್ನು ಜಯಸಿಂಹ ಹೇಗೋ ನುಂಗಿಕೊಂಡ. ಆ ಖಾಲಿ ಕುರ್ಚಿಯನ್ನು ನುಂಗಿಕೊಳ್ಳಲು ಅವನಿಂದ ಆಗಲಿಲ್ಲ.

ಜಯದೇವಿಗೆ ಇಲಿನಾಯ್‌ನ ಲಿಸ್ಲ್‌ನಲ್ಲಿ ಕೆಲಸ ಸಿಕ್ಕಿತು. ಮುನ್ನೂರು ಮೈಲಿ ದೂರ. ಮನೆ ಮಾರಾಟವಾಗುವ ಲಕ್ಷಣವಿರಲಿಲ್ಲವಾದ್ದರಿಂದ ಅದನ್ನು ಕಾಯಲು ಜಯಸಿಂಹ ಇಲ್ಲೇ ಉಳಿದ. ಇಪ್ಪತ್ತು ಚಳಿಗಾಲ ಕಂಪನಿಯ ಸ್ಕೀ ಕ್ಲಬ್ಬಿನಲ್ಲಿ ಹಿಮದ ಮೇಲೆ ಜಾರಿದವನು, ಹೋದ ನವೆಂಬರಿನಲ್ಲಿ ಹಳೆಯ ಬೂಟು ರಿಪೇರಿಗೆಂದು ವಾಲ್ಟ್ ಎಂಬ ಮುದುಕನ ಸ್ಕೀ ಅಂಗಡಿಗೆ ಹೋದ. ಅಲ್ಲಿ ಒಬ್ಬ ದೊಡ್ಡ ಆಳಿಗೆ ವಾಲ್ಟ್ ಮೆತ್ತನೆಯ ಬೂಟು ಮಾರುತ್ತಿದ್ದುದನ್ನು ಕಂಡು ಸುಮ್ಮನಿರಲಾಗದೆ ಜಗಳಕ್ಕೆ ನಿಂತ. ಸ್ಕೀ ಬೂಟಿನ ಮೇಲೊಂದು ನಂಬರು ಇರುತ್ತದೆ. ಮೊಣಕಾಲು ಮುಂದೆ ಒತ್ತಿದಾಗ ಬೂಟು ಎಷ್ಟು ಎದುರು ನಿಲ್ಲುತ್ತದೆ ಎನ್ನುವುದರ ಲೆಕ್ಕ. ಅರವತ್ತೆಂದರೆ ಮೆತ್ತಗೆ, ನೂರಮೂವತ್ತೆಂದರೆ ಗಟ್ಟಿ. ತೂಕದವರಿಗೆ ಮೆತ್ತನೆಯದು ಕೊಡುವುದೆಂದರೆ ಲಾರಿಗೆ ಸ್ಕೂಟರಿನ ಸ್ಪ್ರಿಂಗ್ ಹಾಕಿದ ಹಾಗೆ, ಇಳಿಜಾರಿನಲ್ಲಿ ಬೂಟು ಕುಸಿಯುತ್ತದೆ, ಬಿದ್ದವನಿಗೆ ಎಲ್ಲರೂ ತೂಕ ಇಳಿಸು ಎನ್ನುತ್ತಾರೆ. ಸಾಲದ್ದಕ್ಕೆ ಒಂದು ಕಂಪನಿಯ ನೂರು ಇನ್ನೊಂದರ ಎಂಬತ್ತು. ಬೆಚ್ಚಗಿನ ಅಂಗಡಿಯಲ್ಲಿ ಬಾಗುವ ಪ್ಲಾಸ್ಟಿಕ್ಕು ಬೆಟ್ಟದ ಚಳಿಯಲ್ಲಿ ಬಾಗುವುದಿಲ್ಲ. ಇದನ್ನೆಲ್ಲ ಅರ್ಧ ಗಂಟೆ ಕಿರುಚಿದ ಮೇಲೆ ವಾಲ್ಟ್ ಅವನಿಗೆ ಒಂದು ಏಪ್ರನ್ನು ಕೊಟ್ಟು ನಾಳೆಯಿಂದ ಬಾ ಎಂದ.

ಹೀಗೆ ಜಯಸಿಂಹ ದಿನಾ ಮಂಡಿಯೂರಿ ಪರರ ಕಾಲು ಹಿಡಿಯುವ ಕೆಲಸಕ್ಕೆ ಸೇರಿದ. ಮೊದಲ ದಿನ ಮಾತ್ರ ಕಷ್ಟವಾಯಿತು. ಆಮೇಲೆ ಕಾಲೂ ಒಂದು ವಸ್ತು, ಬೂಟೂ ಒಂದು ವಸ್ತು, ಎರಡೂ ಸರಿಯಾಗಿ ಹೊಂದಬೇಕು, ಅಷ್ಟೆ ಎಂದುಕೊಂಡ.

ಜನವರಿಯ ಒಂದು ಗುರುವಾರ ಮಧ್ಯಾಹ್ನ, ವಾಲ್ಟ್ ದಂತವೈದ್ಯರ ಬಳಿ ಹೋಗಿದ್ದಾಗ, ಬಾಗಿಲ ಗಂಟೆ ಸದ್ದು ಮಾಡಿತು. ಒಬ್ಬಳು ದೊಡ್ಡ ಮೈಕಟ್ಟಿನ ಹುಡುಗಿ ಬೂಟುಗಳನ್ನು ಎದೆಗವಚಿಕೊಂಡು ಒಳಗೆ ಬಂದಳು. ಶ್ಯಾಮನ ಮಗಳು ಸಿಂಧು, ಹದಿನಾರು ವರ್ಷ. ಆರು ವರ್ಷದವಳಿದ್ದಾಗ ಅವಳನ್ನು ತನ್ನ ಎರಡು ಕಾಲುಗಳ ನಡುವೆ ನಿಲ್ಲಿಸಿಕೊಂಡು ಜಾರಲು ಕಲಿಸಿದವನು ಜಯಸಿಂಹನೇ. ಅವಳು ಓಡಿ ಬಂದು ಅಂಕಲ್ ಎಂದು ಅಪ್ಪಿಕೊಂಡಳು. ಅವಳ ಹಿಂದೆ, ಉದ್ದನೆಯ ಉಣ್ಣೆಯ ಕೋಟಿನಲ್ಲಿ, ಶ್ಯಾಮ. ಅವನ ಮುಖ ಬಿಳಿಚಿಕೊಂಡಿತು. ಬಾಗಿಲ ಹಿಡಿಯನ್ನು ಇನ್ನೂ ಬಿಟ್ಟಿರಲಿಲ್ಲ, ತಿರುಗಿ ಹೋಗುವ ಯೋಚನೆ ಇತ್ತೇನೋ. ಸಿಂಧು ಆಗಲೇ ಬೆಂಚಿನ ಮೇಲೆ ಕೂತು ಶೂ ಬಿಚ್ಚತೊಡಗಿದ್ದಳು.

ಅವಳು ಹೇಳಿದ ಕಥೆ ಇಷ್ಟು. ಸ್ಕೂಲಿನ ಸ್ಕೀ ರೇಸ್ ತಂಡಕ್ಕೆ ಶನಿವಾರ ಕೊನೆಯ ಆಯ್ಕೆ, ಆರೇ ಜಾಗ. ಎರಡು ವರ್ಷದಿಂದ ಅವಳು ತಂಡದಲ್ಲಿದ್ದಾಳೆ, ಈ ವರ್ಷ ಪ್ರತಿ ತಿರುವಿನಲ್ಲೂ ಮುಗ್ಗರಿಸುತ್ತಿದ್ದಾಳೆ. ಇಪ್ಪತ್ತು ಪೌಂಡು ಇಳಿಸಿದರೆ ನೋಡೋಣ, ಅಲ್ಲಿಯವರೆಗೆ ಸ್ಟಾಪ್‌ವಾಚ್ ಹಿಡಿದು ನಿಲ್ಲು ಎಂದಿದ್ದಾನೆ ಕೋಚು. ಮನೆಯಲ್ಲಿ ಅಮ್ಮ ಇಂದುಮತಿ ರಾತ್ರಿಯ ಅನ್ನ ನಿಲ್ಲಿಸಿದ್ದಾಳೆ. ದೇವಸ್ಥಾನದಲ್ಲಿ ಆಂಟಿಯರು ಪ್ರಸಾದ ಕೊಡುವಾಗಲೂ ಕಡಿಮೆ ಹಾಕುತ್ತಾರೆ. ಇದನ್ನು ಹೇಳುವಾಗ ಅವಳ ಕಣ್ಣಲ್ಲಿ ನೀರಿರಲಿಲ್ಲ, ಕಿಡಿ ಇತ್ತು.

"ಐ ನೋ ಐಯಾಮ್ ಬಿಗ್, ಅಂಕಲ್," ಎಂದಳು. "ಐಯಾಮ್ ನಾಟ್ ಸ್ಲೋ."

ಜಯಸಿಂಹನಿಗೆ ಆ ಮಾತು ನೇರ ಎದೆಗೆ ಹೋಯಿತು. ಇನ್ನೂರ ಐವತ್ತು ಪೌಂಡಿನವನಿಗೆ ಆ ಸಿಟ್ಟನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಬೂಟು ನೋಡಿದ, ಹೆಂಗಸರದ್ದು, ಅರವತ್ತೈದರದ್ದು, ಒಂದೂವರೆ ಸೈಜು ದೊಡ್ಡದು. ಬೆಳೆಯುವ ಕಾಲು ಎಂದು ಇಂದುಮತಿ ದೊಡ್ಡದನ್ನೇ ಆರಿಸಿ, ಸಡಿಲವಾದದ್ದಕ್ಕೆ ಎರಡೆರಡು ಉಲ್ಲನ್ ಸಾಕ್ಸ್ ತೊಡಿಸಿ ಕಳಿಸುತ್ತಿದ್ದಳು. ಯೂನಿಫಾರ್ಮಿನಿಂದ ಚಪ್ಪಲಿಯವರೆಗೆ ನಾವೆಲ್ಲ ಹಾಗೆಯೇ ಬೆಳೆದವರು, ಅವಳನ್ನು ಬೈಯುವಂತಿಲ್ಲ. ಹಾಕಿಕೊಂಡು ಮುಂದೆ ಬಾಗು ಎಂದ. ಬೂಟು ಬಿಸಿ ರಾಗಿಮುದ್ದೆಯಂತೆ ಕುಸಿಯಿತು, ಒಳಗೆ ಹಿಮ್ಮಡಿ ಮೇಲೆದ್ದಿತು.

ಅವನು ಮಂಡಿಯೂರಿ ಅವಳ ಕಾಲಿಗೆ ಕೈಹಾಕಿದ. ಆಗ ಶ್ಯಾಮ ಮೊದಲ ಸಲ ಬಾಯಿಬಿಟ್ಟ.

"ಬೇಡ ಸರ್. ನೀವು ಹಿರಿಯರು, ಅವಳ ಕಾಲು ಮುಟ್ಟಬಾರ್ದು. ಬೇರೆ ಯಾರಾದ್ರೂ ಇದ್ರೆ..."

ಸಿಂಧು ಗಾಬರಿಯಾಗಿ ಕಾಲು ಎಳೆದುಕೊಂಡಳು, ಅಭ್ಯಾಸಬಲದಿಂದ ಜಯಸಿಂಹನ ತೋಳು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಜಯಸಿಂಹನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ಹನ್ನೊಂದು ತಿಂಗಳು ಅದುಮಿಟ್ಟುಕೊಂಡದ್ದು ಒಂದೇ ಉಸಿರಿಗೆ ಹೊರಬಿತ್ತು.

"ಲಿಸ್ಟಲ್ಲಿ ನನ್ನ ಹೆಸರು ಬರೆಯೋವಾಗ ನಾನು ಹಿರಿಯ ಅಂತ ನೆನಪಾಗ್ಲಿಲ್ವೇನೋ? ಕಾಲು ಮುಟ್ಟೋಕೆ ಮಾತ್ರ ಹಿರಿಯನಾ? ಆವತ್ತು ಒಂದು ಸಲ ಬಂದು ಮುಖ ತೋರಿಸೋ ಯೋಗ್ಯತೆ ಇರ್ಲಿಲ್ಲ ನಿಂಗೆ. ಇವತ್ತು ನಂಗೆ ಮರ್ಯಾದೆ ಹೇಳಿಕೊಡ್ತೀಯ?"

ಶ್ಯಾಮ ನೆಲ ನೋಡಿದ. ಸಿಂಧು ಅಪ್ಪನನ್ನು ನೋಡಿದಳು.

"ಯು ಸೆಡ್ ಹೀ ರಿಟೈರ್ಡ್," ಎಂದಳು ನಿಧಾನವಾಗಿ.

ಆಗ ಗೊತ್ತಾಯಿತು ಜಯಸಿಂಹನಿಗೆ. ಅಂಕಲ್ ರಿಟೈರ್ ಆಗಿ ಆಂಟಿ ಜೊತೆ ಲಿಸ್ಲ್‌ಗೆ ಹೋಗಿಬಿಟ್ಟರು ಎಂದು ಶ್ಯಾಮ ಮನೆಯಲ್ಲಿ ಹೇಳಿದ್ದ, ಕನ್ನಡ ಕೂಟದಲ್ಲೂ ಹೇಳಿದ್ದ. ಯುಗಾದಿಗೆ ಒಂದು ಫೋನೂ ಬರಲಿಲ್ಲವಲ್ಲ, ದೀಪಾವಳಿಗೆ ಯಾರೂ ಕರೆಯಲಿಲ್ಲವಲ್ಲ ಎಂದು ಅವನು ಒಬ್ಬನೇ ಕೂತು ಊರಿಗೆ ಊರನ್ನೇ ಬೈದುಕೊಂಡದ್ದೆಲ್ಲ ಈ ಒಂದು ಸುಳ್ಳಿನಿಂದ. ಅವನಿಗೆ ಶ್ಯಾಮನ ಕತ್ತಿನಪಟ್ಟಿ ಹಿಡಿಯಬೇಕೆನಿಸಿತು. ಹಿಡಿಯಲಿಲ್ಲ. ಹುಡುಗಿಯ ಕಾಲನ್ನು ತನ್ನ ಕಡೆಗೆ ಎಳೆದುಕೊಂಡು ಅಳತೆ ತೆಗೆದ. ಈ ಹುಡುಗಿಯನ್ನು ತಂಡದಲ್ಲಿ ಕೂರಿಸಿಯೇ ತೀರುತ್ತೇನೆ, ಇವಳಪ್ಪನ ಕಣ್ಣೆದುರೇ ಕೂರಿಸುತ್ತೇನೆ ಎಂದು ಮನಸ್ಸಿನಲ್ಲೇ ಹಲ್ಲು ಕಡಿದ.

ಕೆಲಸ ಕಳೆದುಕೊಂಡ ಯಾರೋ ತಂದುಕೊಟ್ಟಿದ್ದ ಹಳೆಯ ಜೊತೆಯೊಂದು ಅಟ್ಟದಲ್ಲಿತ್ತು, ನೂರಹತ್ತರದ್ದು, ಅವಳ ಕಾಲಿಗೆ ಸರಿಯಾದ ಸೈಜು. ಎರಡು ಜೊತೆ ಸಾಕ್ಸ್ ಬಿಚ್ಚಿಸಿ ಒಂದು ತೆಳುವಾದದ್ದನ್ನು ತೊಡಿಸಿದ. ಮೀನಖಂಡ ದಪ್ಪವಿದ್ದುದರಿಂದ ಬೂಟಿನ ಮೇಲ್ಭಾಗಕ್ಕೆ ಬಿಸಿಗಾಳಿ ಹಿಡಿದು ಅಗಲಿಸಿದ, ಹಿಂದಿದ್ದ ಒಂದು ಪ್ಲಾಸ್ಟಿಕ್ ತುಂಡನ್ನು ಕಿತ್ತುಹಾಕಿದ. ಒಂದೊಂದು ಬೂಟಿನ ಹಿಂಬದಿಯಲ್ಲೂ ಮೇಲೊಂದು ಕೆಳಗೊಂದು ಎರಡು ಬೋಲ್ಟು ಇದ್ದವು. ಎರಡೂ ಇದ್ದರೆ ಪೂರ್ತಿ ಗಟ್ಟಿ, ಒಂದು ತೆಗೆದರೆ ಒಂದಿಷ್ಟು ಸಡಿಲ. ಅಂಗಡಿಯೊಳಗೆ ಎರಡೂ ಬೋಲ್ಟು ಇಟ್ಟು ಬಾಗಿಸಿದಾಗ ಬೂಟು ಅಳೆದು ಹೊಲಿದಂತೆ ಕೂತಿತು. ಬೇರೆ ಅಂಗಡಿಯವರಾಗಿದ್ದರೆ ಅಷ್ಟಕ್ಕೇ ಡಬ್ಬ ಕಟ್ಟಿ ಕಳಿಸುತ್ತಿದ್ದರು.

ಜಯಸಿಂಹ ಒಳಮೆತ್ತೆಗಳನ್ನು ಹೀಟರಿನ ಮುಂದಿಟ್ಟು, ಹೊರಗಿನ ಚಿಪ್ಪುಗಳನ್ನು ಅಂಗಡಿಯ ಹಿಂದಿನ ಹಿಮದ ರಾಶಿಯಲ್ಲಿ ಮುಕ್ಕಾಲು ಗಂಟೆ ಹೂತಿಟ್ಟ. ಎದುರಿನ ಬ್ಯಾಂಕಿನ ಬೋರ್ಡು ಹನ್ನೆರಡು ಡಿಗ್ರಿ ಫ್ಯಾರನ್‌ಹೀಟ್ ತೋರಿಸುತ್ತಿತ್ತು, ನೀರು ಹೆಪ್ಪುಗಟ್ಟುವ ಮೂವತ್ತೆರಡಕ್ಕಿಂತ ಇಪ್ಪತ್ತು ಕೆಳಗೆ. ಆಮೇಲೆ ಮೂವರೂ ಪಾರ್ಕಿಂಗ್ ಲಾಟಿಗೆ ಹೋದರು. ಹೆಣಗಾಡಿ ಬೂಟು ತೊಡಿಸಿದ್ದಾಯಿತು. ಪರೀಕ್ಷೆಗೆ ಹಿಂದಿನಿಂದ ಒಬ್ಬರು ಹಿಮ್ಮಡಿ ಒತ್ತಿ ಹಿಡಿಯಬೇಕು. ಜಯಸಿಂಹ ಶ್ಯಾಮನ ಕಡೆ ಬೆರಳು ಮಾಡಿದ.

"ಬಗ್ಗು. ಹಿಡ್ಕೊ."

ಶ್ಯಾಮ ಉಣ್ಣೆಯ ಕೋಟಿನಲ್ಲೇ ಹಿಮದಲ್ಲಿ ಮಂಡಿಯೂರಿ ಮಗಳ ಎರಡೂ ಹಿಮ್ಮಡಿ ಹಿಡಿದ. ಸಿಂಧು ಬಾಗಿದಳು, ಬೂಟು ಕಲ್ಲಾಗಿತ್ತು. ಜಯಸಿಂಹ ಮೇಲಿನ ಬೋಲ್ಟುಗಳನ್ನು ಬಿಚ್ಚಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡ. ಮತ್ತೆ ಬಾಗು ಎಂದ. ಈ ಸಲ ಮೊಣಕಾಲು ಮುಂದೆ ಹೋಗಿ, ಕಾಲ್ಬೆರಳಿನ ನೇರಕ್ಕೆ ಬಂದು, ಅಲ್ಲೇ ನಿಂತಿತು. ಸಿಂಧುವಿನ ಮುಖ ಅರಳಿತು. ಅಷ್ಟರಲ್ಲಿ ಕೆಳಗಿನಿಂದ ಶ್ಯಾಮ ಏನೋ ಹೇಳಲು ಬಂದ.

"ಸರ್, ಶನಿವಾರ ಮಾತ್ರ..."

"ನೀನು ಮಾತಾಡ್ಬೇಡ. ಮಾತಾಡ್ಬೇಕಾಗಿದ್ದ ದಿನ ಮನೇಲಿ ಹೊದ್ಕೊಂಡು ಮಲಗಿದ್ದೆ. ಈಗ ಹಿಡ್ಕೊ."

ಎರಡು ನಿಮಿಷ ಸಾಕಾಗಿದ್ದ ಪರೀಕ್ಷೆಯನ್ನು ಜಯಸಿಂಹ ಹತ್ತು ನಿಮಿಷ ಎಳೆದ. ಇನ್ನೊಮ್ಮೆ ಬಾಗು, ಈಗ ಎಡಕ್ಕೆ, ಈಗ ಬಲಕ್ಕೆ. ಶ್ಯಾಮನ ಕೈಗಳು ಕೆಂಪಾಗಿ ಮರಗಟ್ಟತೊಡಗಿದವು. ಅದನ್ನು ನೋಡಿ ಜಯಸಿಂಹನಿಗೆ ಸಂತೋಷವಾಯಿತು, ಸುಳ್ಳು ಯಾಕೆ. ಹನ್ನೊಂದು ತಿಂಗಳಲ್ಲಿ ಮೊದಲ ಸಲ ಹೊಟ್ಟೆಯೊಳಗೆ ತಣ್ಣಗಾಯಿತು. ಹೊರಡುವಾಗ ಶ್ಯಾಮ ಅವನ ಕಾಲಿಗೆ ಬಗ್ಗಲು ಬಂದಾಗ ಜಯಸಿಂಹ ಎರಡು ಹೆಜ್ಜೆ ಹಿಂದೆ ಸರಿದು, ನಿನ್ನ ನಮಸ್ಕಾರ ನನಗೆ ಬೇಡ ಎಂದ.

ಶುಕ್ರವಾರವೂ ಅದೇ ಚಳಿ. ಸಂಜೆ ಸಿಂಧು ಅಂಗಡಿಗೆ ಫೋನು ಮಾಡಿದಳು. ಪ್ರಾಕ್ಟೀಸಿನಲ್ಲಿ ಮೂರನೆಯವಳಾಗಿ ಬಂದಿದ್ದಳಂತೆ, ಕೋಚು ಎರಡು ಸಲ ವಾಚು ನೋಡಿದನಂತೆ. ಜಯಸಿಂಹ ವಾಲ್ಟ್‌ಗೆ ಕಾಫಿ ಕುಡಿಸಿದ. ರಾತ್ರಿ ಜಯದೇವಿಗೆ ಫೋನಿನಲ್ಲಿ ಇಡೀ ಕಥೆ ಹೇಳಿದ. ಶ್ಯಾಮ ಹಿಮದಲ್ಲಿ ಮಂಡಿಯೂರಿದ ಭಾಗವನ್ನು ಎರಡು ಸಲ ಹೇಳಿದ. ಎರಡನೆಯ ಸಲ ಅವಳು ಸಾಕು ಬಿಡಿ ಎಂದಳು.

ಶನಿವಾರ ಅಂಗಡಿಯಲ್ಲಿ ಬಿಡುವಿಲ್ಲದ ದಿನ. ಬಂದವರೆಲ್ಲ ಕಾಲಲ್ಲಿ ಕೆಸರು ನೀರು ಎಳೆದು ತರುತ್ತಿದ್ದರು, ಜಯಸಿಂಹ ನೆಲ ಒರೆಸಿ ಒರೆಸಿ ಸಿಡಿಮಿಡಿಗೊಂಡ. ಸೂರಿನಿಂದ ಬೆಳಗಿನಿಂದ ತೊಟ್ಟಿಕ್ಕುತ್ತಲೇ ಇತ್ತು. ಐದು ಗಂಟೆಗೆ ಶ್ಯಾಮ ಒಬ್ಬನೇ ಒಳಗೆ ಬಂದ. ಗಿರಾಕಿಗಳು ಹೋಗುವವರೆಗೆ ಬಾಗಿಲ ಬಳಿ ನಿಂತಿದ್ದು, ಆಮೇಲೆ ಹತ್ತಿರ ಬಂದು ಜಯಸಿಂಹನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ.

"ಆಗ್ಲಿಲ್ಲ ಸರ್. ಎಂಟನೇದು. ಫೋನಲ್ಲಿ ಹೇಳ್ಬಹುದಿತ್ತು. ನಾನೇ ಬಂದು ಹೇಳ್ಬೇಕು ಅನ್ನಿಸ್ತು."

ಜಯಸಿಂಹ ನಂಬಲಿಲ್ಲ. ಮೂರನೆಯವಳು ಒಂದೇ ದಿನದಲ್ಲಿ ಎಂಟಕ್ಕೆ ಹೇಗೆ ಇಳಿದಳು ಎಂದು ಅವನನ್ನೇ ಗದರಿದ. ಪ್ರತಿ ತಿರುವಿನಲ್ಲೂ ಬೂಟು ಮುಂದಕ್ಕೆ ಕುಸಿಯುತ್ತಿತ್ತು, ಹಳೆಯ ಬೂಟಿನ ಹಾಗೆಯೇ ಎಂದ ಶ್ಯಾಮ. ಜಯಸಿಂಹ ಇನ್ನೇನೋ ಹೇಳಲು ಬಾಯಿ ತೆರೆದವನು ಕಿಟಕಿಯ ಕಡೆ ನೋಡಿದ. ಸೂರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಎದುರಿನ ಬ್ಯಾಂಕಿನ ಬೋರ್ಡು ನಲವತ್ತೊಂದು ಎನ್ನುತ್ತಿತ್ತು.

ಅವನ ಕೈ ತಾನಾಗಿಯೇ ಏಪ್ರನ್ನಿನ ಜೇಬಿಗೆ ಹೋಯಿತು. ಎರಡು ಬೋಲ್ಟುಗಳೂ ಅಲ್ಲೇ ಇದ್ದವು. ಹನ್ನೆರಡು ಡಿಗ್ರಿಯಲ್ಲಿ ಹದಮಾಡಿದ ಬೂಟನ್ನು ನಲವತ್ತೊಂದು ಡಿಗ್ರಿಯ ಬೆಟ್ಟಕ್ಕೆ ಕಳಿಸಿದ್ದ. ರೇಸು ಇದ್ದದ್ದು ಶನಿವಾರ, ಅವನು ಪರೀಕ್ಷೆ ಮಾಡಿದ್ದು ಗುರುವಾರದ ಚಳಿಗೆ. ಇಪ್ಪತ್ತೆರಡು ವರ್ಷ ಹುಡುಗರ ಕಿವಿ ಹಿಂಡಿ ಹೇಳಿಕೊಟ್ಟ ಪಾಠ. ಹವಾಮಾನದ ಒಂದು ಫೋರ್‌ಕ್ಯಾಸ್ಟ್ ನೋಡುವಷ್ಟು ವ್ಯವಧಾನ ಅವನಿಗಿರಲಿಲ್ಲ, ಒಬ್ಬನನ್ನು ಹಿಮದಲ್ಲಿ ಮಂಡಿಯೂರಿಸುವ ಸಡಗರದಲ್ಲಿದ್ದ.

"ಗುರುವಾರ ಇದನ್ನೇ ಹೇಳೋಕೆ ಬಂದಿದ್ಯಾ?" ಎಂದು ಕೇಳಿದ.

ಶ್ಯಾಮ ಹೌದೆಂದು ತಲೆಯಾಡಿಸಿದ. ಬೇಕಿದ್ದರೆ ಶನಿವಾರ ಬೆಳಿಗ್ಗೆ ಎರಡು ಬೋಲ್ಟು ತಂದು ಅವನೇ ಹಾಕಬಹುದಿತ್ತು, ಅವನೂ ಪ್ಲಾಸ್ಟಿಕ್ ಬಲ್ಲವನೇ. ಯಾಕೆ ಹಾಕಲಿಲ್ಲ ಎಂದರೆ, ನೀವು ಮಾಡಿದ್ದನ್ನು ನಾನು ಮುಟ್ಟುವುದು ಹೇಗೆ ಸರ್ ಎಂದ. ಜಯಸಿಂಹನಿಗೆ ಅವನ ಮೇಲೆ ಹೊಸದಾಗಿ ರೇಗಿತು. ಈ ಹಾಳು ಮರ್ಯಾದೆಗೆ ಬೆಂಕಿ ಬೀಳಲಿ ಎಂದುಕೊಂಡ. ಆದರೆ ಆ ರೇಗುವಿಕೆ ಅರ್ಧ ದಾರಿಗೆ ಹೋಗಿ ತಿರುಗಿ ತನ್ನ ಮೇಲೆಯೇ ಬಿತ್ತು. ಮಾತಾಡಬೇಡ ಎಂದವನು ತಾನೇ.

"ಅವಳೆಲ್ಲಿ?"

"ಕಾರಲ್ಲಿದಾಳೆ. ಬೂಟು ವಾಪಸ್ ಕೊಟ್ಬಿಡು ಅಂದ್ಲು. ಕೋಚ್ ಹೇಳಿದ್ದೇ ಸರಿ, ನನ್ನ ಮೈಯೇ ಇಷ್ಟು ಅಂತಾಳೆ." ಶ್ಯಾಮ ಮುಂದುವರಿಸಿದ, "ನೀವು ಬರೋದು ಬೇಡ ಸರ್. ಪ್ಲಾಸ್ಟಿಕ್ಕಿನ ತೊಂದರೆ ಅಂತ ನಾನೇ ಹೇಳ್ತೀನಿ."

ಎಷ್ಟು ಸುಲಭವಿತ್ತು. ಪ್ಲಾಸ್ಟಿಕ್ಕಿನ ತೊಂದರೆ. ಹೂಂ ಎಂದಿದ್ದರೆ ಮುಗಿಯುತ್ತಿತ್ತು, ಇನ್ನೊಬ್ಬರ ಬಾಯಲ್ಲಿ ಹೇಳಿಸಿ, ತಾನು ಒಳಗೆ ಬೆಚ್ಚಗೆ ನೆಲ ಒರೆಸಿಕೊಂಡಿರಬಹುದಿತ್ತು. ಜಯಸಿಂಹನಿಗೆ ಆ ಕ್ಷಣ ಹಾಗೆ ಮಾಡಬೇಕೆಂದು ನಿಜವಾಗಿಯೂ ಅನಿಸಿತು. ಆ ಫೆಬ್ರವರಿಯ ಕಾನ್ಫರೆನ್ಸ್ ರೂಮು, ಎಚ್ಚಾರ್ ಹೆಂಗಸು, ಅವಳ ಪಕ್ಕದ ಖಾಲಿ ಕುರ್ಚಿ ನೆನಪಾದವು. ಸ್ಪ್ಯಾನರು ಎತ್ತಿಕೊಂಡು, ಜಾಕೆಟ್ಟನ್ನೂ ಹಾಕಿಕೊಳ್ಳದೆ ಹೊರಗೆ ನಡೆದ.

ಸಿಂಧು ಹಿಂದಿನ ಸೀಟಿನಲ್ಲಿ ಬೂಟು ಬಿಚ್ಚದೆಯೇ ಕೂತಿದ್ದಳು. ಅವನು ಬಾಗಿಲು ತೆಗೆದು, ಕರಗಿದ ಹಿಮದ ಕೆಸರಿನಲ್ಲೇ ಮಂಡಿಯೂರಿದ.

"ಸಿಂಧು, ನಿನ್ನ ತೂಕ ಅಲ್ಲ. ತಪ್ಪು ನಂದು. ಗುರುವಾರದ ಚಳಿಗೆ ನಾನು ಈ ಬೋಲ್ಟು ತೆಗೆದೆ, ಇವತ್ತು ಇದು ಇರಬೇಕಾಗಿತ್ತು. ನಿಮ್ಮಪ್ಪ ಹೇಳೋಕೆ ಬಂದ, ನಾನು ಬಾಯಿ ಮುಚ್ಚಿಸಿದೆ. ನೀನು ಸ್ಲೋ ಅಲ್ಲ."

ಅವಳು ಅವನ ಅಂಗೈಯಲ್ಲಿದ್ದ ಬೋಲ್ಟುಗಳನ್ನೇ ನೋಡಿದಳು. ಅವಳ ಮುಖ ಕೆಂಪಾಯಿತು, ಆಮೇಲೆ ಕಣ್ಣು ತುಂಬಿ ಬಂತು, ಆಮೇಲೆ ಬಾಯಿ ತೆರೆಯಿತು. ಒಂದು ಸಲ ಫೋರ್‌ಕ್ಯಾಸ್ಟ್ ನೋಡಬಾರದಿತ್ತಾ ಎಂದು ಕೇಳಿದಳು. ಇಡೀ ಬೆಟ್ಟದ ಮುಂದೆ ನನ್ನ ಮೈಯನ್ನು ನಾನೇ ಬೈದುಕೊಂಡೆ, ಗೊತ್ತಾ ಎಂದಳು. ನಿಮ್ಮಿಬ್ಬರ ಜಗಳಕ್ಕೆ ನನ್ನ ಕಾಲೇ ಬೇಕಿತ್ತಾ ಎಂದಳು. ಎಲ್ಲ ಇಂಗ್ಲಿಷಿನಲ್ಲೇ, ಒಂದರ ಮೇಲೊಂದು, ಉಸಿರು ತೆಗೆದುಕೊಳ್ಳದೆ. ಬೈಯುತ್ತಲೇ ಬೂಟಿನ ಕಾಲನ್ನು ಬಾಗಿಲಿನಿಂದ ಹೊರಗೆ ಚಾಚಿ ಅವನ ಮುಂದಿಟ್ಟಳು.

"ಪುಟ್ ಇಟ್ ಬ್ಯಾಕ್," ಎಂದಳು.

ಶ್ಯಾಮ ಹಿಂದೆ ಬಂದು ನಿಂತಿದ್ದ. ಈ ಸಲ ಕಾಲು ಮುಟ್ಟಬೇಡಿ ಎಂದು ಅವನು ಹೇಳಲಿಲ್ಲ. ಜಯಸಿಂಹ ಬೋಲ್ಟನ್ನು ತೂತಿಗೆ ಕೂರಿಸಿ ತಿರುಗಿಸಿದ. ಕೆಸರು ನೀರು ಪ್ಯಾಂಟಿನೊಳಗೆ ಇಳಿದು ಮಂಡಿ ಕೊರೆಯುತ್ತಿತ್ತು. ಅವಳಿನ್ನೂ ಬೈಯುತ್ತಿದ್ದಳು. ಅವನು ಕೈಯ ಕೆಲಸ ನಿಲ್ಲಿಸಿ, ತಲೆ ಎತ್ತಿ, ಅವಳ ಮುಖ ನೋಡುತ್ತಲೇ ಅಷ್ಟನ್ನೂ ಕೇಳಿಸಿಕೊಂಡ.